ತಕ್ಕಡಿಗೆ ಕಾಣದ್ದು ಬಾಣಲೆಗೆ ಕಂಡಿತು: ಮನೆಯಲ್ಲಿ ಮೊದಲ ಸಲ ಕಾಫಿ ಹುರಿದ ಒಂದು ಪ್ರಕರಣ

ಕೊಡಗಿನ ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ ಐದಾರು ಎಕರೆಯ ಒಂದು ಕಾಫಿ ತೋಟ. ಹೆಚ್ಚಿನದು ರೋಬಸ್ಟಾ, ಮೇಲಿನ ಏರಿನಲ್ಲಿ ಒಂದಿಷ್ಟು ಅರೇಬಿಕಾ, ನೆರಳಿಗೆ ಹಾಲವಾಣ ಮತ್ತು ಸಿಲ್ವರ್ ಓಕ್, ಮರಗಳಿಗೆ ಹಬ್ಬಿದ ಕರಿಮೆಣಸು. ಮೂರು ತಲೆಮಾರುಗಳಿಂದ ಕಾಫಿ ಬೆಳೆಯುತ್ತಿರುವ ಮನೆ. ಅಡುಗೆಮನೆಯ ಡಬ್ಬದಲ್ಲಿರುವುದು ಮಾತ್ರ ಕುಶಾಲನಗರದ ಅಂಗಡಿಯಿಂದ ತಂದ ಪುಡಿ, ಅದರಲ್ಲೂ ಮೂರರಲ್ಲಿ ಒಂದು ಪಾಲು ಚಿಕೋರಿ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಕೊಡಗಿನಲ್ಲಿ ನಾನು ಹೋಗಿ ಬಂದಿರುವ ಸಣ್ಣ ಬೆಳೆಗಾರರ ಮನೆಗಳಲ್ಲಿ ಹೆಚ್ಚಿನವು ಹೀಗೆಯೇ.

2024ರಲ್ಲಿ ರೋಬಸ್ಟಾ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ, 50 ಕಿಲೋ ಮೂಟೆಯ ಬೆಲೆ ಹತ್ತು ಸಾವಿರ ರೂಪಾಯಿ ದಾಟಿತು. ತೋಟದವರು ಕಂಡು ಕೇಳರಿಯದ ಬೆಲೆ ಅದು. ಹಿಂದೆಯೇ ಪುಡಿಯ ಬೆಲೆಯೂ ಏರಿತು. ಈ ಮನೆಯ ಲೆಕ್ಕಪತ್ರ ನೋಡಿಕೊಳ್ಳುವವರು ಮನೆಯೊಡತಿ. ಪುಸ್ತಕದ ಒಂದು ಪುಟದಲ್ಲಿ ಚೆರಿ ಮಾರಿದ ಹಣ, ಎದುರು ಪುಟದಲ್ಲಿ ಮನೆಯ ಖರ್ಚು. ಎರಡೂ ಕಡೆ ಕಾಫಿ ಎಂಬ ಬಾಬ್ತು ಇರುವುದು ಆ ಬಾರಿ ಅವರ ಕಣ್ಣಿಗೆ ಚುಚ್ಚಿತು. ನಮ್ಮದನ್ನು ನಾವೇ ಹುರಿದುಕೊಂಡರೆ ಆಗದೇ ಎಂದು ಕೇಳಿದರು. ಅದಕ್ಕೆಲ್ಲ ಮೆಷಿನ್ ಬೇಕು ಎಂದು ಗಂಡ ಮಾತು ಮುಗಿಸಿದರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಮಾತ್ರ ಉತ್ಸಾಹದಿಂದ ಒಂದು ಡಿಜಿಟಲ್ ಥರ್ಮಾಮೀಟರ್ ಕೊಂಡು ಕಳುಹಿಸಿದ. ತಾನು ಬರಲಿಲ್ಲ.

ಕಾಫಿ ಹುರಿದು, ಪುಡಿ ಮಾಡಿ ಮಾರುವುದು ನನ್ನ ಕಸುಬು. ಹಾಗಾಗಿ ಮೊದಲ ಪ್ರಯತ್ನ ಕೆಟ್ಟ ಮೇಲೆ ನನಗೆ ಕರೆ ಬಂತು. ಏನು ಕೆಟ್ಟಿತು, ಏಕೆ ಕೆಟ್ಟಿತು, ಆಮೇಲೆ ಏನಾಯಿತು ಎಂಬುದನ್ನು ಮನೆಯವರ ಒಪ್ಪಿಗೆಯಿಂದಲೇ ಇಲ್ಲಿ ಬರೆಯುತ್ತಿದ್ದೇನೆ. ಹುರಿಯುವುದನ್ನು ಕಲಿಸುವ ವಿಡಿಯೋಗಳಿಗೆ ಬರವಿಲ್ಲ. ಆದರೆ ಅವೆಲ್ಲ ಶುರುವಾಗುವುದು ಆರಿಸಿ, ಒಣಗಿಸಿ, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ ಪ್ಯಾಕೆಟ್‌ನಲ್ಲಿ ಬಂದ ಬೀಜದಿಂದ. ಕೊಡಗಿನ ಮನೆಯಲ್ಲಿ ಬೀಜ ಬರುವುದು ಉಗ್ರಾಣದ ಮೂಟೆಯಿಂದ. ವ್ಯತ್ಯಾಸವೆಲ್ಲ ಅಲ್ಲಿಯೇ.

ಬೆಳೆದವರಿಗೆ ರುಚಿ ಏಕೆ ಗೊತ್ತಿಲ್ಲ

ಇದನ್ನು ಬೆಳೆಗಾರರ ಉದಾಸೀನ ಎನ್ನುವುದು ಅನ್ಯಾಯ. 1942ರ ಕಾಫಿ ಕಾಯ್ದೆಯ ನಂತರ ದಶಕಗಳ ಕಾಲ ಬೆಳೆ ಹೋಗುತ್ತಿದ್ದುದು ಕಾಫಿ ಬೋರ್ಡಿನ ಪೂಲ್‌ಗೆ. ಎಲ್ಲರ ಕಾಫಿಯೂ ಒಂದೇ ರಾಶಿಗೆ, ಹಣ ಕಂತು ಕಂತಾಗಿ. 1992ರಿಂದ ಹಂತ ಹಂತವಾಗಿ ಸಡಿಲಗೊಂಡು 1996ರಲ್ಲಿ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಆದರೆ ಸಣ್ಣ ತೋಟದ ಬಾಗಿಲಿಗೆ ಬರುವ ವ್ಯಾಪಾರಿ ಇಂದಿಗೂ ನೋಡುವುದು ತೂಕ, ತೇವಾಂಶ ಮತ್ತು ಔಟ್‌ಟರ್ನ್. ಐವತ್ತು ಕಿಲೋ ಒಣ ಚೆರಿಯ ಸಿಪ್ಪೆ ತೆಗೆದರೆ ಎಷ್ಟು ಕಿಲೋ ಬೀಜ ಸಿಗುತ್ತದೆ ಎಂಬ ಲೆಕ್ಕ ಅದು; ರೋಬಸ್ಟಾದಲ್ಲಿ ಸಾಮಾನ್ಯವಾಗಿ 26ರಿಂದ 28 ಕಿಲೋ. ವ್ಯಾಪಾರಿ ಬರೆದುಕೊಡುವ ಚೀಟಿಯಲ್ಲಿ ರುಚಿಗೊಂದು ಕಾಲಂ ಇಲ್ಲ. ಅರೆಬರೆ ಹಣ್ಣಾದ ಕಾಯಿಯೂ ಒಣಗಿದ ಮೇಲೆ ಕಪ್ಪಗೆ ಕಾಣುತ್ತದೆ, ತೂಗುತ್ತದೆ, ಹಣ ತರುತ್ತದೆ. ಹಾಗಿರುವಾಗ ಹಣ್ಣನ್ನೇ ಆರಿಸಿ ಕೊಯ್ಯಲು ಹೆಚ್ಚು ಕೂಲಿ ಕೊಡುವವರು ಯಾರು?

ಮೂಟೆಯಲ್ಲಿದ್ದದ್ದು

ಹುರಿಯಲು ತೆಗೆದದ್ದು ಹಿಂದಿನ ಕೊಯ್ಲಿನಲ್ಲಿ ಉಳಿಸಿಕೊಂಡಿದ್ದ ರೋಬಸ್ಟಾ ಚೆರಿ. ಅಂದರೆ ಹಣ್ಣನ್ನು ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ಗೆ ಹಾಕದೆ, ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದ್ದು. ಗಿಡಗಳು ಒಂದೇ ತಳಿಯವಲ್ಲ. ಇಲ್ಲಿನವರು ಪೆರಾಡೀನಿಯ ಎಂದು ಕರೆಯುವ ಹಳೆಯ ರೋಬಸ್ಟಾ ಇದೆ, ಎಸ್ 274 ಇದೆ, ಆಮೇಲೆ ನೆಟ್ಟ ಸಿ×ಆರ್ ಇದೆ. ಸಿ×ಆರ್ ಬೀಜ ದಪ್ಪ. ಹಳೆಯ ಗಿಡಗಳದು ಸಣ್ಣದು. ಕೊಯ್ಲಿನಲ್ಲಿ ಎಲ್ಲವೂ ಒಂದೇ ಚೀಲಕ್ಕೆ ಬಿದ್ದಿವೆ. ಕೊಯ್ದದ್ದು ರೆಂಬೆಯನ್ನು ಬೋಳಾಗಿ ಎಳೆದು. ಹಣ್ಣು, ದೋರೆಗಾಯಿ, ಹಸಿರು ಕಾಯಿ ಎಲ್ಲವೂ ಒಟ್ಟಿಗೆ.

ಮೂಟೆ ಉಗ್ರಾಣದ ಗೋಡೆಗೆ ಒರಗಿಕೊಂಡೇ ಬೇಸಗೆ ಕಳೆದು ಮಳೆಗಾಲಕ್ಕೆ ಬಂದಿತ್ತು. ಹುರಿಯಲು ಮುಹೂರ್ತ ಕೂಡಿ ಬಂದದ್ದು ಜುಲೈನಲ್ಲಿ, ಕೊಡವರ ಮಳೆಗಾಲದ ತಿಂಗಳು ಕಕ್ಕಡ ಕಾಲಿಡುವ ಹೊತ್ತಿಗೆ. ಹೊರಗೆ ಕೆಲಸವಿಲ್ಲ, ಮನೆಯೊಳಗೆ ಪುರುಸೊತ್ತು ಎಂಬುದೇ ಕಾರಣ. ಕೊಡಗಿನ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ಗೋಣಿಚೀಲದ ಕಾಫಿಯನ್ನು ಅದು ಬಿಟ್ಟೀತೇ?

ಚೆರಿಯನ್ನು ಒರಳಿಗೆ ಹಾಕಿ, ಒನಕೆಯಿಂದ ಹಗುರವಾಗಿ ಕುಟ್ಟಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿದರು. ಕೆಲಸ ಅಚ್ಚುಕಟ್ಟಾಗಿಯೇ ನಡೆದಿತ್ತು. ಆದರೂ ಒಡೆದ ಬೀಜ, ಅಂಟಿಕೊಂಡ ಸಿಪ್ಪೆಯ ಚೂರು, ಹಣ್ಣಿನೊಳಗೆ ಎರಡರ ಬದಲು ಒಂಟಿಯಾಗಿ ಬೆಳೆದ ದುಂಡನೆಯ ಬೀಜ ಪೀಬೆರಿ, ಸೂಜಿ ಚುಚ್ಚಿದಷ್ಟು ಸಣ್ಣ ತೂತಿರುವ ಬೀಜ ಎಲ್ಲವೂ ಹಾಗೆಯೇ ಉಳಿದಿದ್ದವು. ಆ ತೂತು ಕಾಯಿಕೊರಕ ಹುಳುವಿನದು. 1990ರಲ್ಲಿ ತಮಿಳುನಾಡಿನ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡು, ಆಮೇಲೆ ನಮ್ಮ ತೋಟಗಳಿಗೂ ಬಂದು ನೆಲೆಯೂರಿದ ಕೀಟ.

ಮೊದಲ ಬಾಣಲೆ

ಹಪ್ಪಳ ಕರಿಯುವ ತೆಳು ಅಲ್ಯೂಮಿನಿಯಂ ಬಾಣಲೆ, ಗ್ಯಾಸ್ ಒಲೆಯ ದೊಡ್ಡ ಉರಿ, ಅರ್ಧ ಕಿಲೋ ಬೀಜ. ತೂಕ ಮಾಡದೆ ಏನನ್ನೂ ಒಲೆಗೆ ಇಡದ ಅಭ್ಯಾಸ ಆ ತಾಯಿಯದು. 500 ಗ್ರಾಂ ಎಂದು ಪುಸ್ತಕದಲ್ಲಿ ಬರೆದೇ ಇಟ್ಟರು. ಈ ಅಭ್ಯಾಸ ಮುಂದೆ ಬಹಳ ಪ್ರಯೋಜನಕ್ಕೆ ಬಂತು.

ಮೊದಲ ಐದು ನಿಮಿಷ ಬರೀ ಹಬೆ, ಜೊತೆಗೆ ಒದ್ದೆ ಹುಲ್ಲಿನ ವಾಸನೆ. ಬೀಜದ ಬಣ್ಣ ಬದಲಾಗಲೇ ಇಲ್ಲ. ಬೇಸತ್ತು ಉರಿ ಇನ್ನೂ ಏರಿಸಿದರು. ಆಮೇಲೆ ಎಲ್ಲವೂ ಒಮ್ಮೆಲೇ ಆಯಿತು. ತಳದ ಬೀಜದ ಒಂದು ಮಗ್ಗುಲು ಕಪ್ಪಾಯಿತು, ಸಿಪ್ಪೆಯ ಚೂರುಗಳಿಗೆ ಬೆಂಕಿ ತಾಗಿ ಅಡುಗೆಮನೆ ತುಂಬ ಹೊಗೆ ಎದ್ದಿತು. ಮೊದಲ ಕ್ರ್ಯಾಕ್ ಕೇಳಿಸಿದ ಮೇಲೆ ಇಳಿಸಬೇಕು ಎಂದು ಮಗ ಫೋನಿನಲ್ಲಿ ಹೇಳಿದ್ದ. ಬೀಜದೊಳಗಿನ ಹಬೆ ಮತ್ತು ಅನಿಲದ ಒತ್ತಡ ತಡೆಯಲಾಗದೆ ಬೀಜ ಬಿರಿಯುವ ಸದ್ದು ಅದು. ಒಣ ಕಡ್ಡಿ ಮುರಿದ ಹಾಗಿರುತ್ತದೆ. ಅರೇಬಿಕಾದಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ, ರೋಬಸ್ಟಾದಲ್ಲಿ ಮೆಲುವಾಗಿ, ಬಿಡಿಬಿಡಿಯಾಗಿ. ಆ ಅಡುಗೆಮನೆಯ ಮೇಲಿರುವುದು ಶೀಟಿನ ಮಾಡು. ಅದರ ಮೇಲೆ ಕಕ್ಕಡದ ಮಳೆ. ಬಾಣಲೆಯಲ್ಲಿ ಪಟಾಕಿ ಹೊಡೆದಿದ್ದರೂ ಯಾರಿಗೂ ಕೇಳಿಸುತ್ತಿರಲಿಲ್ಲ.

ಮಗನ ಥರ್ಮಾಮೀಟರ್ ಒಮ್ಮೆ 140 ಎಂದಿತು, ಬಾಣಲೆಯ ತಳಕ್ಕೆ ತಾಗಿದಾಗ 230 ಎಂದಿತು. ಬಾಣಲೆಯಲ್ಲಿ ತಿರುಗುತ್ತಿರುವ ಬೀಜದ ನಡುವೆ ಕಡ್ಡಿ ಹಿಡಿದರೆ ಅದು ಅಳೆಯುವುದು ಬೀಜಗಳ ನಡುವಿನ ಗಾಳಿಯನ್ನು. ದೊಡ್ಡ ಡ್ರಮ್ಮಿನಲ್ಲಿ ಬೀಜದ ರಾಶಿಯೊಳಗೆ ಹೂತಿಟ್ಟ ಕಡ್ಡಿ ತೋರಿಸುವ ಅಂಕಿಗೂ ಇದಕ್ಕೂ ಸಂಬಂಧವಿಲ್ಲ. ಬಾಣಲೆಯಲ್ಲಿ ಹುರಿಯುವವರು ಥರ್ಮಾಮೀಟರ್‌ಗೆ ಹಣ ಹಾಕುವುದು ದಂಡ ಎಂಬುದು ನನ್ನ ಅಭಿಪ್ರಾಯ. ಮಗನಿಗೆ ಬೇಸರವಾದರೂ ಸರಿ.

ಬಣ್ಣ ಸಾಕಷ್ಟು ಕಪ್ಪಾಯಿತು ಎನಿಸಿದಾಗ ಒಲೆ ಆರಿಸಿ, ಬೀಜವನ್ನು ಬಿಸಿ ಬಾಣಲೆಯಲ್ಲಿಯೇ ಬಿಟ್ಟರು. ತಣಿದ ಮೇಲೆ ತೂಗಿದರೆ ಸರಿಯಾಗಿ 400 ಗ್ರಾಂ. ಕೂಡಲೇ ಮಿಕ್ಸಿಗೆ ಹಾಕಿ, ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಸಿದರು. ನೀರು ಹೊಯ್ಯುತ್ತಲೇ ನೊರೆ ಉಕ್ಕಿ, ಫಿಲ್ಟರ್ ಕಟ್ಟಿಕೊಂಡು ಗಂಟೆಗಟ್ಟಲೆ ಕಾಯಿಸಿತು. ಇಳಿದ ಡಿಕಾಕ್ಷನ್ ಸುಟ್ಟ ಕಹಿ ಮತ್ತು ಹಸಿ ಹುಲ್ಲು, ಎರಡನ್ನೂ ಏಕಕಾಲಕ್ಕೆ ನಾಲಿಗೆಗೆ ಕೊಟ್ಟಿತು. ಗಂಡ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, ಇದಕ್ಕೆ ಚಿಕೋರಿ ಹಾಕಿದರೆ ಸರಿಹೋದೀತು ಎಂದರು.

ಅಡಕತ್ತರಿ ಹೇಳಿದ್ದು

ನಾನು ಹೋದಾಗ ಆ ಬೀಜದಲ್ಲಿ ಒಂದು ಹಿಡಿಯಷ್ಟು ಉಳಿದಿತ್ತು. ಚೆನ್ನಾಗಿ ಹುರಿದ ಬೀಜವನ್ನು ಬೆರಳಲ್ಲಿ ಒತ್ತಿದರೆ ಪಟಕ್ಕನೆ ಮುರಿಯಬೇಕು. ಇದು ಮುರಿಯಲಿಲ್ಲ. ಮನೆಯ ಅಡಕತ್ತರಿ ತರಿಸಿ ನಡುವೆ ಕತ್ತರಿಸಿದೆವು. ಹೊರಗೆ ಇದ್ದಿಲಿನ ಬಣ್ಣದ ತೆಳು ಪದರ, ಅದರೊಳಗೆ ಕಂದು, ನಟ್ಟನಡುವೆ ಒಣಹುಲ್ಲಿನ ಹಳದಿ. ಒಂದೇ ಬೀಜದಲ್ಲಿ ಸುಟ್ಟದ್ದು, ಬೆಂದದ್ದು, ಬೇಯದ್ದು ಮೂರೂ ಇದ್ದವು. ನಾಲಿಗೆಗೆ ಎರಡು ರುಚಿ ಒಟ್ಟಿಗೆ ಸಿಕ್ಕಿದ್ದಕ್ಕೆ ಕಾರಣ ಕಣ್ಣೆದುರೇ ಇತ್ತು.

ಉರಿ ಹೆಚ್ಚಾಯಿತು, ಬಾಣಲೆ ತೆಳು, ಬೀಜ ಜಾಸ್ತಿ ಎಂದು ಹೇಳಿ ಎದ್ದು ಬರಬಹುದಿತ್ತು. ಮೂರೂ ನಿಜವೇ. ಆದರೆ ಲೆಕ್ಕದ ಪುಸ್ತಕದಲ್ಲಿದ್ದ ಅಂಕಿ ಅದಕ್ಕೆ ಹೊಂದುತ್ತಿರಲಿಲ್ಲ. 500 ಹೋಗಿ 400 ಆಗಿದೆ ಎಂದರೆ ಶೇ. 20ರಷ್ಟು ತೂಕ ಇಳಿದಿದೆ. ಸರಿಯಾಗಿ ಒಣಗಿದ ಬೀಜ ಹದವಾಗಿ ಹುರಿದಾಗ ಇಳಿಯುವುದು ಶೇ. 14ರಿಂದ 16. ಇಪ್ಪತ್ತು ಇಳಿಯಬೇಕಾದರೆ, ಮೊದಲನೆಯದರ ನಂತರ ಇನ್ನೂ ಹುರಿದಾಗ ಬರುವ ಎರಡನೆಯ ಕ್ರ್ಯಾಕ್ ದಾಟಿ, ಮೈಮೇಲೆ ಎಣ್ಣೆ ಮಿನುಗುವಷ್ಟು ಹುರಿಯಬೇಕು. ಇಲ್ಲಿ ಬೀಜದ ನಡುಭಾಗ ಇನ್ನೂ ಹಳದಿ. ಹಾಗಾದರೆ ಕಳೆದುಹೋದ ನೂರು ಗ್ರಾಂ ಯಾವುದು?

ನೀರು. ಸುಂಟಿಕೊಪ್ಪದ ಪರಿಚಯದ ವ್ಯಾಪಾರಿಯ ಬಳಿ ಅದೇ ಮೂಟೆಯ ಬೀಜವನ್ನು ತೇವಾಂಶದ ಮೀಟರ್‌ಗೆ ಹಾಕಿಸಿದಾಗ ಸುಮಾರು ಶೇ. 15 ತೋರಿಸಿತು. ಚೆರಿ ಕಾಫಿಗೆ ಇರಬೇಕಾದದ್ದು ಶೇ. 11. ಅರ್ಧ ಕಿಲೋದಲ್ಲಿ 75 ಗ್ರಾಂ ನೀರೇ ಇತ್ತು. ಉಳಿದ 25 ಗ್ರಾಮಿನಲ್ಲಿ ಸಿಪ್ಪೆಯ ಚೂರು, ಬೀಜಕ್ಕೆ ಅಂಟಿಕೊಂಡಿರುವ ಬೆಳ್ಳಿಪೊರೆ, ಸುಟ್ಟ ಹೊರಮೈ ಎಲ್ಲವೂ ಸೇರಿವೆ. ನೀರು ಆರುವ ತನಕ ಬೀಜದ ಒಳಗಿನ ಬಿಸಿ ಮೇಲೇರುವುದಿಲ್ಲ. ಬಿಸಿ ಏರಲಿಲ್ಲ ಎಂದು ಉರಿ ಹೆಚ್ಚಿಸಿದರೆ ಹೊರಮೈ ಸುಡುತ್ತದೆ, ಒಳಗೆ ಇನ್ನೂ ಆವಿಯಾಗುತ್ತಲೇ ಇರುತ್ತದೆ. ದೊಡ್ಡ ಉರಿ ಇಟ್ಟದ್ದು ತಪ್ಪು ನಿಜ. ಆದರೆ ದೊಡ್ಡ ಉರಿ ಇಡುವಂತೆ ಮಾಡಿದ್ದು ಮೂಟೆಯ ತೇವ.

ಇಲ್ಲಿ ಗಂಡ ಒಂದು ಒಳ್ಳೆಯ ತಕರಾರು ತೆಗೆದರು. ಮಂಗಳೂರಿನ ಕಡೆ ಬೇಕೆಂದೇ ಮಳೆಗಾಲದ ಗಾಳಿಗೆ ಒಡ್ಡಿ ಮಾನ್ಸೂನ್ಡ್ ಮಲಬಾರ್ ಎಂದು ಹೆಚ್ಚು ಬೆಲೆಗೆ ಮಾರುತ್ತಾರಲ್ಲ, ನಮ್ಮದೂ ಅದೇ ಅಲ್ಲವೇ? ಅಲ್ಲ. ಅಲ್ಲಿ ಸಿಪ್ಪೆ ತೆಗೆದ ಬೀಜವನ್ನು ಗಾಳಿಯಾಡುವ ಗೋದಾಮಿನಲ್ಲಿ ತೆಳುವಾಗಿ ಹರಡಿ, ಕೆದಕುತ್ತಾ, ವಾರಗಟ್ಟಲೆ ನೋಡಿಕೊಳ್ಳುತ್ತಾರೆ. ಬೀಜ ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಹುಳಿ ಕಳೆದುಕೊಳ್ಳುತ್ತದೆ. ಕೊನೆಗೆ ತೇವ ನೋಡಿ, ವಿಂಗಡಿಸಿ ಚೀಲಕ್ಕೆ ತುಂಬುತ್ತಾರೆ. ಗೋಡೆಗೆ ಒರಗಿದ ಮೂಟೆಯ ತಳದಲ್ಲಿ ಆಗುವುದು ಬೂಷ್ಟು. ಬೂಷ್ಟಿನಿಂದ ಓಕ್ರಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು, ಅದು ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ಹಾಗಾಗಿ ಮೂಟೆಯ ತಳಭಾಗದ, ಮುಗ್ಗಲು ವಾಸನೆ ಬರುತ್ತಿದ್ದ ಚೆರಿಯನ್ನು ಗೊಬ್ಬರದ ಗುಂಡಿಗೆ ಸುರಿಸಿದೆ. ಹತ್ತು ಸಾವಿರದ ಬೆಲೆಯಿದ್ದ ವರ್ಷ ಅದು. ಸುರಿಯುವಾಗ ಯಾರೂ ಮಾತಾಡಲಿಲ್ಲ.

ಇನ್ನೊಂದು ಸಂಗತಿಯೂ ಆ ಹಿಡಿ ಬೀಜದಲ್ಲಿತ್ತು. ಎಲ್ಲವೂ ಕಪ್ಪಾದರೂ ಕೆಲವು ಬೀಜಗಳು ಮಾತ್ರ ತಿಳಿ ಕಂದು ಬಣ್ಣದಲ್ಲಿಯೇ ಉಳಿದಿದ್ದವು. ಹುರಿಯುವವರು ಇವನ್ನು ಕ್ವೇಕರ್ ಎನ್ನುತ್ತಾರೆ. ಬಲಿಯದ ಕಾಯಿಯ ಬೀಜ ಅದು. ಒಳಗೆ ಸಕ್ಕರೆ ಸಾಲದು, ಹಾಗಾಗಿ ಎಷ್ಟು ಹುರಿದರೂ ಬಣ್ಣ ಬರುವುದಿಲ್ಲ. ಅಗಿದರೆ ಕಾಗದ ಜಗಿದಂಥ ಸಪ್ಪೆ ರುಚಿ. ಒಣ ಚೆರಿಯಲ್ಲಿ ಇದನ್ನು ಯಾರೂ ಗುರುತಿಸಲಾರರು, ಸಿಪ್ಪೆ ತೆಗೆದ ಮೇಲೂ ಕಷ್ಟ. ವ್ಯಾಪಾರಿಯ ತಕ್ಕಡಿಗೆ ಇದು ಕಾಣುವುದಿಲ್ಲ, ಬಾಣಲೆಗೆ ಕಾಣುತ್ತದೆ. ರೆಂಬೆ ಎಳೆದು ಕೊಯ್ದದ್ದರ ಗುಟ್ಟು ಅಲ್ಲಿ ರಟ್ಟಾಗಿತ್ತು. ಮನೆಯೊಡತಿ ಅವನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಇಟ್ಟುಕೊಂಡು ಗಂಡನ ಕಡೆ ನೋಡಿದರು. ಕೊಯ್ಲಿನ ಮೇಸ್ತ್ರಿಕೆ ಅವರದು.

ಅದೇ ಮೂಟೆ, ಎರಡನೆಯ ಸುತ್ತು

ಬೇರೆ ಒಳ್ಳೆಯ ಬೀಜ ತಂದು ಹುರಿದು ತೋರಿಸಿದ್ದರೆ ಏನೂ ಸಾಬೀತಾಗುತ್ತಿರಲಿಲ್ಲ. ಅದೇ ಮೂಟೆಯ ಮೇಲ್ಭಾಗದ ಚೆರಿಯನ್ನೇ ಇಟ್ಟುಕೊಂಡೆವು.

ಮೊದಲು ಒಣಗಿಸುವುದು. ಜುಲೈನಲ್ಲಿ ಬಿಸಿಲನ್ನು ಕೇಳುವ ಹಾಗಿಲ್ಲ. ಬಚ್ಚಲ ಒಲೆಗೆ ಬೆಂಕಿ ಹಾಕುವ ಕೋಣೆಯ ಅಟ್ಟ ಸದಾ ಬೆಚ್ಚಗಿರುತ್ತದೆ. ಹೊಗೆ ನೇರವಾಗಿ ತಾಗದ ಮೂಲೆಯಲ್ಲಿ ಬಿದಿರಿನ ತಟ್ಟೆ ಇಟ್ಟು, ಸಿಪ್ಪೆ ತೆಗೆದ ಬೀಜವನ್ನು ತೆಳುವಾಗಿ ಹರಡಿ, ದಿನಕ್ಕೆ ಎರಡು ಮೂರು ಬಾರಿ ಕೈಯಾಡಿಸಿದರು. ಹಲ್ಲಿನಲ್ಲಿ ಕಚ್ಚಿದರೆ ಗುರುತು ಬೀಳದಷ್ಟು ಗಟ್ಟಿಯಾದಾಗ ಮತ್ತೆ ಮೀಟರ್‌ಗೆ ಹಾಕಿಸಿದ್ದು. ಹನ್ನೊಂದರ ಹತ್ತಿರ ಬಂದಿತ್ತು.

ಆಮೇಲೆ ಆರಿಸುವುದು. ಕಪ್ಪು ಬೀಜ, ಒಡಕು, ತೂತಿನದು, ಸಿಪ್ಪೆ ಬಿಡದ್ದು ಎಲ್ಲ ಪಕ್ಕಕ್ಕೆ. ಪೀಬೆರಿ ಬೇರೆ ಡಬ್ಬಕ್ಕೆ, ಏಕೆಂದರೆ ದುಂಡಗಿನದು ಬಾಣಲೆಯಲ್ಲಿ ಉರುಳುತ್ತಾ ಸಮನಾಗಿ ಬೇಯುತ್ತದೆ, ಚಪ್ಪಟೆಯದು ಒಂದೇ ಮಗ್ಗುಲಲ್ಲಿ ಮಲಗುತ್ತದೆ. ಉಳಿದದ್ದನ್ನು ಜರಡಿ ಹಿಡಿದು ಸಣ್ಣದು, ದೊಡ್ಡದು ಎಂದು ಎರಡು ಪಾಲು. ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಎಬಿ, ಪಿಬಿ, ಸಿ, ಬಿಟ್ಸ್ ಎಂದು ಗ್ರೇಡ್ ಮಾಡುವುದು ಇದನ್ನೇ. ಮನೆಯಲ್ಲಿ ಜಗುಲಿಯ ಮೇಲೆ ಕುಳಿತು ಮಾಡಿದಾಗ ಆ ಅಕ್ಷರಗಳಿಗೆ ಏಕೆ ಬೇರೆ ಬೇರೆ ಬೆಲೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಪಕ್ಕಕ್ಕೆ ಹಾಕಿದ್ದು ಒಟ್ಟು ಬೀಜದ ಕಾಲು ಭಾಗಕ್ಕೂ ಹೆಚ್ಚು.

ಹುರಿಯಲು ಅಜ್ಜಿಯ ಕಾಲದ ದಪ್ಪ ಕಬ್ಬಿಣದ ಬಾಣಲೆ ಅಟ್ಟದಿಂದ ಇಳಿಯಿತು. ಬೀಜ 200 ಗ್ರಾಂ ಮಾತ್ರ. ತಳದಲ್ಲಿ ಒಂದೆರಡು ಬೀಜದ ದಪ್ಪಕ್ಕಿಂತ ಹೆಚ್ಚು ನಿಲ್ಲಬಾರದು. ಬಾಣಲೆಯನ್ನು ಮೊದಲೇ ಕಾಯಿಸಿ, ಬೀಜ ಹಾಕಿದ ಮೇಲೆ ಮಧ್ಯಮ ಉರಿ. ಮರದ ಸೌಟು ಕ್ಷಣವೂ ನಿಲ್ಲಬಾರದು. ಮಳೆ ಬಿಟ್ಟ ಹೊತ್ತು ನೋಡಿಕೊಂಡೇ ಒಲೆ ಹಚ್ಚಿದೆವು, ಸದ್ದು ಕೇಳಬೇಕಲ್ಲ.

ನಾಲ್ಕೈದು ನಿಮಿಷಕ್ಕೆ ಬೂದು ಹಸಿರು ಹೋಗಿ ಹಳದಿ ಬಂತು. ಹುಲ್ಲಿನ ವಾಸನೆ ಮೆಲ್ಲಗೆ ಹುರಿದ ಹಿಟ್ಟಿನ ವಾಸನೆಯಾಯಿತು. ಮನೆಯೊಡತಿ ಇಲ್ಲಿ ನನ್ನ ಸಹಾಯ ಕೇಳಲಿಲ್ಲ. ರವೆ, ಮೆಂತ್ಯ, ಕೊತ್ತಂಬರಿ ಹುರಿದು ಪಳಗಿದ ಮೂಗು ಅದು. ವಾಸನೆ ತಿರುಗಿದ ಗಳಿಗೆಯನ್ನು ನನಗಿಂತ ಮೊದಲೇ ಹಿಡಿಯಿತು. ಹಳದಿ ತಿಳಿ ಕಂದಾಗುವ ಹಂತದಲ್ಲಿ ಬೆಳ್ಳಿಪೊರೆ ಕಳಚಿ ಹಾರಾಡತೊಡಗಿತು. ಈ ಹಂತದಲ್ಲಿ ಉರಿಯನ್ನು ತುಸು ತಗ್ಗಿಸಿದೆವು. ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸಕ್ಕರೆ ಕಡಿಮೆ, ಕೆಫೀನು ಹೆಚ್ಚುಕಡಿಮೆ ಎರಡು ಪಟ್ಟು, ಕಹಿ ಕೊಡುವ ಆಮ್ಲಗಳೂ ಹೆಚ್ಚು. ಅವಸರಪಡಿಸಿದರೆ ಬರೀ ಕಹಿ ಸಿಗುತ್ತದೆ. ನಿಧಾನವಾಗಿ ಬೆಂದರೆ ಇರುವ ಅಷ್ಟಿಷ್ಟು ಸಕ್ಕರೆಯೂ ಕೆಲಸಕ್ಕೆ ಬರುತ್ತದೆ. ಹಾಗೆಂದು ಉರಿ ತೀರಾ ಇಳಿಸಿದರೆ ಬೀಜ ಹುರಿಯುವ ಬದಲು ಬಾಡುತ್ತದೆ, ಕಾಫಿ ಸತ್ವವಿಲ್ಲದೆ ಸಪ್ಪಗಾಗುತ್ತದೆ.

ಹತ್ತು ನಿಮಿಷದ ಸುಮಾರಿಗೆ ಮೊದಲ ಸದ್ದು. ಒಂದು, ಸ್ವಲ್ಪ ಬಿಟ್ಟು ಇನ್ನೊಂದು, ಆಮೇಲೆ ಅಲ್ಲೊಂದು ಇಲ್ಲೊಂದು. ಮಹಾ ಗದ್ದಲವನ್ನು ನಿರೀಕ್ಷಿಸಿದ್ದ ಗಂಡ ಇಷ್ಟೇನಾ ಎಂದರು. ರೋಬಸ್ಟಾದ ಮೊದಲ ಕ್ರ್ಯಾಕ್ ಇಷ್ಟೇ. ಅದು ಅಡಗಿದ ಮೇಲೆ ಇನ್ನೊಂದೆರಡು ನಿಮಿಷ ಮುಂದುವರಿಸಿ, ಎರಡನೆಯ ಕ್ರ್ಯಾಕ್‌ನ ಸಣ್ಣ ಚಟಪಟ ಶುರುವಾಗುವ ಮೊದಲೇ ಇಳಿಸಿದೆವು. ಹಾಲಿಗೂ ಬೆಲ್ಲಕ್ಕೂ ಹೊಂದುವ ಹದ ಅದು. ತಿಳಿ ಹುರಿತದ ಕಾಫಿಯ ಹುಳಿಯನ್ನು ಹೊಗಳುವವರು ಈಗ ಬಹಳ ಮಂದಿ ಇದ್ದಾರೆ. ತೊಳೆದು ಮಾಡಿದ ಒಳ್ಳೆಯ ಅರೇಬಿಕಾಕ್ಕೆ ಅದು ಸಲ್ಲುತ್ತದೆ. ಕಣದಲ್ಲಿ ಒಣಗಿಸಿದ ರೋಬಸ್ಟಾ ಚೆರಿಯನ್ನು ತಿಳಿಯಾಗಿ ಹುರಿದು ಕುಡಿಯಿರಿ ಎಂದರೆ ಶಿಕ್ಷೆ ಕೊಟ್ಟಂತೆ.

ತಣಿಸುವುದಕ್ಕೆ ಏನು ಬೇಕೆಂದು ನಾನು ಹೇಳುವ ಮೊದಲೇ ಮನೆಯೊಡತಿ ಮೊರ ಹಿಡಿದು ಜಗುಲಿಗೆ ಹೋಗಿದ್ದರು. ಬಿಸಿ ಬೀಜವನ್ನು ಮೊರಕ್ಕೆ ಸುರಿದು ನಾಲ್ಕು ಬಾರಿ ಎಸೆದು ಹಿಡಿದರೆ ಪೊರೆಯೆಲ್ಲ ಗಾಳಿಗೆ ಹಾರಿಹೋಯಿತು, ಬೀಜ ಮೂರು ನಿಮಿಷದಲ್ಲಿ ಕೈಯಲ್ಲಿ ಹಿಡಿಯುವಷ್ಟು ತಣಿಯಿತು. ಬಾಣಲೆಯಲ್ಲಿಯೇ ಬಿಟ್ಟರೆ ಒಲೆ ಆರಿಸಿದ ಮೇಲೂ ಬೀಜ ಬೇಯುತ್ತಲೇ ಇರುತ್ತದೆ. ಪೇಟೆಯವರು ಇದಕ್ಕೆ ಫ್ಯಾನ್, ಜರಡಿ, ಏನೇನೋ ಜೋಡಿಸಿಕೊಳ್ಳುತ್ತಾರೆ. ಮೊರಕ್ಕಿಂತ ಒಳ್ಳೆಯ ಸಾಧನವನ್ನು ನಾನಂತೂ ಕಂಡಿಲ್ಲ.

ತೂಗಿದಾಗ 168 ಗ್ರಾಂ. ಶೇ. 16 ಇಳಿತ. ಅಡಕತ್ತರಿಗೆ ಕೊಟ್ಟರೆ ಕತ್ತರಿಸಿಕೊಳ್ಳದೆ ಪುಡಿಯಾಯಿತು. ಒಳಗೂ ಹೊರಗೂ ಹೆಚ್ಚುಕಡಿಮೆ ಒಂದೇ ಬಣ್ಣ. ಕ್ವೇಕರ್‌ಗಳು ಇದ್ದೇ ಇದ್ದವು. ಹುರಿದ ಮೇಲೆ ಅವನ್ನು ಕೈಯಲ್ಲಿ ಆರಿಸಿ ತೆಗೆಯುವುದೊಂದೇ ದಾರಿ.

ಅಂದೇ ಕುಡಿಯಬೇಕೆಂಬ ಆಸೆಗೆ ಮಾತ್ರ ತಡೆ ಹಾಕಿದೆ. ಹೊಸದಾಗಿ ಹುರಿದ ಬೀಜದಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿರುತ್ತದೆ. ಮೊದಲ ಬಾರಿ ಫಿಲ್ಟರ್‌ನಲ್ಲಿ ನೊರೆ ಉಕ್ಕಿ ನೀರು ಇಳಿಯದೆ ನಿಂತದ್ದಕ್ಕೆ ಅದೂ ಒಂದು ಕಾರಣ, ಮಿಕ್ಸಿ ಮಾಡಿದ ನುಣ್ಣನೆಯ ಹುಡಿ ಇನ್ನೊಂದು. ಮೂರು ನಾಲ್ಕು ದಿನ ಸ್ಟೀಲ್ ಡಬ್ಬದಲ್ಲಿಟ್ಟು, ಬೇಕಾದಷ್ಟನ್ನೇ ಬಿಟ್ಟು ಬಿಟ್ಟು ಮಿಕ್ಸಿ ತಿರುಗಿಸಿ ತರಿತರಿಯಾಗಿ ಪುಡಿ ಮಾಡಿದರೆ ಸಾಕು. ಕುದಿಯುವ ನೀರನ್ನು ಸ್ವಲ್ಪ ತಣಿಸಿ ಹೊಯ್ಯಬೇಕು ಎಂಬ ಸಲಹೆಯನ್ನು ಮಡಿಕೇರಿ ಕಡೆಯವರು ಮರೆಯಬಹುದು. ಆ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 96 ಡಿಗ್ರಿಗೆ. ಒಲೆಯಿಂದ ನೇರವಾಗಿ ಹೊಯ್ದರೂ ಕೆಡುವುದಿಲ್ಲ.

ನಾಲ್ಕನೆಯ ದಿನದ ಕಾಫಿ ಅದ್ಭುತವಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ದಪ್ಪ ಡಿಕಾಕ್ಷನ್, ಕಹಿಯ ಹಿಂದೆ ಕೋಕೋ ಹುಡಿಯ ಛಾಯೆ, ಕೊನೆಯಲ್ಲಿ ಸ್ವಲ್ಪ ಒರಟು. ಹಾಲು ಹಾಕಿದರೆ ಒರಟು ಮುಚ್ಚಿಹೋಗುತ್ತದೆ. ಬೆಲ್ಲ ಹಾಕಿ ಕುದಿಸಿದ ಕರಿ ಕಾಫಿಯಲ್ಲಿ ಮಾತ್ರ ಅದು ನಿಜಕ್ಕೂ ಚೆನ್ನಾಗಿತ್ತು. ಗಂಡ ಎರಡನೆಯ ಲೋಟ ಕೇಳಿದರು, ಚಿಕೋರಿಯ ಮಾತೆತ್ತಲಿಲ್ಲ.

ಲೆಕ್ಕ

ಹಣ ಉಳಿಯಿತೇ? ಮನೆಯೊಡತಿ ಬಿಡದೆ ಲೆಕ್ಕ ಹಾಕಿದರು. ಹತ್ತು ಸಾವಿರಕ್ಕೆ ಮಾರಬಹುದಾದ 50 ಕಿಲೋ ಚೆರಿಯಿಂದ 27 ಕಿಲೋ ಬೀಜ ಎಂದುಕೊಳ್ಳಿ. ಹುರಿದಾಗ ಶೇ. 16 ಹೋಗಿ ಉಳಿಯುವುದು ಇಪ್ಪತ್ತೆರಡೂವರೆ ಕಿಲೋ ಚಿಲ್ಲರೆ. ಕಿಲೋಗೆ ಸುಮಾರು 440 ರೂಪಾಯಿ ಬಿತ್ತು. ಆರಿಸುವಾಗ ಕಾಲು ಭಾಗ ತೆಗೆದು ಹಾಕಿದರೆ ಉಳಿಯುವುದು 17 ಕಿಲೋ, ಕಿಲೋಗೆ 590ರ ಹತ್ತಿರ. ಇದರ ಮೇಲೆ ಗ್ಯಾಸ್. ಕುಟ್ಟಿ, ಕೇರಿ, ಆರಿಸಿ, ಸೌಟು ತಿರುಗಿಸಿದ ಕೈಗೆ ಕೂಲಿಯನ್ನೇ ಹಾಕಿಲ್ಲ. ಚಿಕೋರಿ ಬೆರೆಸಿದ ಪುಡಿ ಇದಕ್ಕಿಂತ ಅಗ್ಗಕ್ಕೆ ಸಿಗುವುದು ಸಹಜ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51 ಇದ್ದರೆ ಸಾಕೆಂದು ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಹಾಗಾಗಿ ಉಳಿತಾಯದ ಆಸೆಗೆ ಹುರಿಯಲು ಹೊರಡುವ ಬೆಳೆಗಾರರಿಗೆ ನನ್ನದು ಒಂದೇ ಮಾತು: ಚೆರಿ ಮಾರಿ, ಪುಡಿ ಕೊಳ್ಳಿ.

ಮಗನಿಗೆ ಇದನ್ನೊಂದು ಬ್ರ್ಯಾಂಡ್ ಮಾಡುವ ಯೋಚನೆ ಬಂದಿತ್ತು. ಹೆಸರೂ ಸಿದ್ಧವಾಗಿತ್ತು. ಬಾಣಲೆಗೆ 200 ಗ್ರಾಂ ಹಾಕಿ ಹುರಿಯುವವರು ಬ್ರ್ಯಾಂಡ್ ಕಟ್ಟಲಾರರು. ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು, ಪ್ರತಿ ಬಾರಿಯೂ ಒಂದೇ ಹದ ಬರಬೇಕು. ಆ ಮಾತು ಅಲ್ಲಿಗೇ ನಿಂತಿದೆ.

ತೋಟದಲ್ಲಿ ಬದಲಾದದ್ದು

ಈ ಪ್ರಕರಣದಲ್ಲಿ ನನಗೆ ಹಿಡಿಸಿದ್ದು ಕಾಫಿಯ ರುಚಿಗಿಂತ ಮುಂದಿನ ಕೊಯ್ಲಿನಲ್ಲಿ ನಡೆದದ್ದು. ಮನೆಗೆ ಹತ್ತಿರದ ಎರಡು ಸಾಲು ಸಿ×ಆರ್ ಗಿಡಗಳನ್ನು ಮನೆಬಳಕೆಗೆಂದು ಬೇರೆ ಇಡಬೇಕು, ಅಲ್ಲಿ ಕೆಂಪು ಹಣ್ಣನ್ನೇ ಕೊಯ್ಯಬೇಕು ಎಂದು ಮನೆಯೊಡತಿ ಹಟ ಹಿಡಿದರು. ಗಂಡ ಒಪ್ಪಲಿಲ್ಲ. ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವರು ಹಣ್ಣು ಆರಿಸುತ್ತಾ ನಿಂತರೆ ಅವರ ದಿನದ ಸಂಪಾದನೆ ಅರ್ಧಕ್ಕಿಳಿಯುತ್ತದೆ. ಕೊಯ್ಲಿಗೆ ಜನ ಸಿಗದ ಈ ಕಾಲದಲ್ಲಿ ಅವರನ್ನು ಕೆಣಕುವ ಧೈರ್ಯ ಯಾರಿಗಿದೆ? ಅವರ ವಾದದಲ್ಲಿ ಹುರುಳಿತ್ತು. ಕೊನೆಗೆ ಆ ಎರಡು ಸಾಲನ್ನು ಮನೆಯವರೇ ಕೊಯ್ಯುವುದೆಂದು ತೀರ್ಮಾನವಾಯಿತು. ಹಣ್ಣಾದ ಹಾಗೆ ಬಿಡಿಸುತ್ತಾ, ವಾರ ಬಿಟ್ಟು ಮತ್ತೆ ಹೋಗುತ್ತಾ ಕೊಯ್ದರು.

ಒಣಗಿಸಿದ್ದು ನೆಲದ ಮೇಲಲ್ಲ. ಹಳೆಯ ಮಂಚದ ಚೌಕಟ್ಟಿಗೆ ನೆರಳುಬಲೆ ಬಿಗಿದು, ಸೊಂಟದೆತ್ತರದಲ್ಲಿ ಗಾಳಿಯಾಡುವಂತೆ ಹರಡಿದರು. ಸಂಜೆ ಮಂಜು ಬೀಳುವ ಮೊದಲು ಟಾರ್ಪಾಲು ಹೊದಿಸುವುದು ಗಂಡನ ಕೆಲಸವಾಯಿತು. ಮೂಟೆ ಈಗ ಉಗ್ರಾಣದಲ್ಲಿಲ್ಲ. ಸಿಪ್ಪೆ ಸಮೇತ ಒಣಗಿದ ಚೆರಿಯನ್ನು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಮಳೆ ಹಿಡಿಯುವ ಮುನ್ನವೇ ಅಟ್ಟಕ್ಕೆ ಏರಿಸಿದ್ದಾರೆ. ಬೇಕಾದಾಗ ಒಂದೆರಡು ಕಿಲೋ ತೆಗೆದು ಕುಟ್ಟುತ್ತಾರೆ. ಆ ಬೀಜದಲ್ಲಿ ಆರಿಸಿ ಬಿಸಾಡಬೇಕಾದದ್ದು ಬಹಳ ಕಡಿಮೆ. ಕ್ವೇಕರ್ ಹುಡುಕಿದರೂ ಒಂದೆರಡು ಸಿಕ್ಕರೆ ಹೆಚ್ಚು.

ಉಳಿದ ತೋಟದ ಕೊಯ್ಲು ಮಾತ್ರ ಹಿಂದಿನ ಹಾಗೆಯೇ ನಡೆಯುತ್ತಿದೆ. ವ್ಯಾಪಾರಿಯ ಚೀಟಿಯಲ್ಲಿ ರುಚಿಯ ಕಾಲಂ ಬರುವ ತನಕ ಅದು ಬದಲಾಗುತ್ತದೆಂದು ನಾನು ನಂಬುವುದಿಲ್ಲ, ಬದಲಾಗಬೇಕೆಂದು ಅವರನ್ನು ಒತ್ತಾಯಿಸುವ ಹಕ್ಕೂ ನನಗಿಲ್ಲ.

ಈಗ ಮನೆಯೊಡತಿಯ ಕಣ್ಣು ಮೇಲಿನ ಏರಿನ ಅರೇಬಿಕಾದ ಮೇಲಿದೆ. ಅದು ಡಿಸೆಂಬರ್ ಹೊತ್ತಿಗೇ ಹಣ್ಣಾಗುತ್ತದೆ. ಪಾರ್ಚ್‌ಮೆಂಟ್ ಮಾಡಿಯೇ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿಯೇ ಹುರಿಯಬೇಕೆಂಬುದು ಅವರ ಆಸೆ. ತಿರುಳು ಬಿಡಿಸಲು ಕೈಯಲ್ಲಿ ತಿರುಗಿಸುವ ಹಳೆಯ ಪಲ್ಪರ್ ಒಂದು ಪಕ್ಕದ ತೋಟದಲ್ಲಿದೆಯಂತೆ, ಕೇಳಿಟ್ಟಿದ್ದಾರೆ. ಪುಳಿತ ಎಷ್ಟು ಹೊತ್ತು, ತೊಳೆದ ನೀರು ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ವಿಚಾರಿಸಲು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಹೋಗಿ ಬರಲು ಹೇಳಿದ್ದೇನೆ, ಸುಂಟಿಕೊಪ್ಪದಿಂದ ದೂರವೇನಲ್ಲ. ಪಲ್ಪರ್ ಸಿಗದಿದ್ದರೆ ಅರೇಬಿಕಾವನ್ನೂ ಮಂಚದ ಮೇಲೆಯೇ ಒಣಗಿಸುತ್ತಾರೆ. ಅದಕ್ಕೆ ಎರಡನೆಯ ಮಂಚ ಬೇಕು, ಹಳೆಯದು ಮನೆಯಲ್ಲಿ ಇನ್ನಿಲ್ಲ ಎಂದು ಗಂಡ ಈಗಾಗಲೇ ತಕರಾರು ತೆಗೆದಿದ್ದಾರೆ.